ಹುಲ್ಲು ಕತ್ತರಿಸಬೇಡಿ, ಹಿಮ ಗುಡಿಸಬೇಡಿ, ನಲ್ಲಿ ತೊಟ್ಟಿಕ್ಕಲು ಬಿಡಬೇಡಿ: ಚಳಿಗಾಲಕ್ಕೆ ಸೆಪ್ಟಿಕ್ ತಯಾರಿ

ಪ್ರಶ್ನೆ: ನಾವು ಅಮೆರಿಕದ ಮಿನೆಸೋಟಾದಲ್ಲಿದ್ದೇವೆ. ರಾಚೆಸ್ಟರ್ ಊರಿನಿಂದ ಸ್ವಲ್ಪ ಆಚೆ, ಹಳ್ಳಿ ಕಡೆ ನಾಲ್ಕು ಬೆಡ್‌ರೂಮಿನ ಮನೆ ಕೊಂಡು ಎರಡು ವರ್ಷವಾಯಿತು. ಒಳಚರಂಡಿ ಇಲ್ಲ. ಸೆಪ್ಟಿಕ್ ಟ್ಯಾಂಕ್, ಪಂಪ್, ಟ್ಯಾಂಕಿನಿಂದ ಬರುವ ನೀರು ಇಂಗಲು ಹಿತ್ತಲಲ್ಲಿ ಮಣ್ಣಿನ ದಿಬ್ಬ ಇದೆ. ಹೋದ ಚಳಿಗಾಲ ಐದು ವಾರ ಊರಿಗೆ, ತೀರ್ಥಹಳ್ಳಿಗೆ, ಬಂದಿದ್ದೆವು. ಮನೆಯ ಪೈಪ್ ಒಡೆಯಬಾರದು ಅಂತ ಸ್ನೇಹಿತರೊಬ್ಬರು ಹೇಳಿದ್ದಕ್ಕೆ ಅಡುಗೆಮನೆ ನಲ್ಲಿಯನ್ನು ಸಣ್ಣಗೆ ತೊಟ್ಟಿಕ್ಕಲು ಬಿಟ್ಟು ಬಂದಿದ್ದೆವು. ವಾಪಸ್ ಹೋದ ಮರುದಿನವೇ ಬೇಸ್‌ಮೆಂಟಿನ ಫ್ಲೋರ್ ಡ್ರೇನ್‌ನಿಂದ ಗಲೀಜು ನೀರು ಮೇಲೆ ಬಂತು. ಮನೆಯಿಂದ ಟ್ಯಾಂಕಿಗೆ ಹೋಗುವ ಪೈಪ್ ಪೂರ್ತಿ ಹೆಪ್ಪುಗಟ್ಟಿತ್ತು. ಉಪ್ಪು ಸುರಿಯಿರಿ ಅಂತ ಒಬ್ಬರು, ಕಾರಿನ ಆಂಟಿಫ್ರೀಜ್ (ಹೆಪ್ಪುಗಟ್ಟದಂತೆ ತಡೆಯುವ ದ್ರವ) ಹಾಕಿ ಅಂತ ಇನ್ನೊಬ್ಬರು. ಕೊನೆಗೆ ಪೈಪಿನೊಳಗೆ ರಭಸದಿಂದ ಬಿಸಿನೀರು ಚಿಮ್ಮಿಸುವ ಜೆಟ್ಟರ್ ಯಂತ್ರ ತರಿಸಿ ಕರಗಿಸಬೇಕಾಯಿತು. ಈ ಸಲ ಫೆಬ್ರವರಿಯಲ್ಲಿ ತಮ್ಮನ ಮದುವೆ ಇದೆ, ಮತ್ತೆ ನಾಲ್ಕು ವಾರ ಮನೆ ಖಾಲಿ. ಈಗಿನಿಂದಲೇ ಏನು ಮಾಡಿಕೊಳ್ಳಬೇಕು? ಟ್ಯಾಂಕಿಗೆ ಸಗಣಿ, ಬೆಲ್ಲ ಹಾಕಿದರೆ ಬಿಸಿಯಾಗಿರುತ್ತದೆ ಅಂತ ನಮ್ಮ ಅತ್ತೆ ಹೇಳುತ್ತಾರೆ. ನಿಜವಾ?

ಉತ್ತರ: ಐದು ವಾರ ಊರಲ್ಲಿದ್ದು, ಅಷ್ಟು ದೂರ ಪ್ರಯಾಣ ಮಾಡಿ ಬಂದ ಮರುದಿನವೇ ಇದನ್ನು ಎದುರಿಸಿದ್ದೀರಿ. ಎಷ್ಟು ಕಷ್ಟವಾಗಿರುತ್ತದೆ ಅಂತ ಗೊತ್ತು. ನೀವು ಬರೆದಿರುವುದನ್ನು ನೋಡಿದರೆ ನಿಮ್ಮ ಸಿಸ್ಟಮ್ ಕೆಟ್ಟಿರುವ ಹಾಗೆ ಕಾಣುವುದಿಲ್ಲ. ಕಾರಣ ನಿಮ್ಮ ಪತ್ರದಲ್ಲೇ ಇದೆ, ಆ ನಲ್ಲಿ.

ಪೈಪ್ ಹೆಪ್ಪುಗಟ್ಟುವುದು ಚಳಿ ಜಾಸ್ತಿಯಾದಾಗ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಚಳಿ ಬೇಕು, ನಿಜ. ಆದರೆ ಅದೇ ಚಳಿಯಲ್ಲಿ ಅದೇ ಬೀದಿಯ ಹತ್ತು ಮನೆಗಳ ಸೆಪ್ಟಿಕ್ ಸುಖವಾಗಿರುತ್ತದೆ, ಒಂದು ಮನೆಯದು ಮಾತ್ರ ಕಟ್ಟಿಕೊಳ್ಳುತ್ತದೆ. ವ್ಯತ್ಯಾಸ ಇರುವುದು ನೀರು ಹೇಗೆ ಹೋಗುತ್ತದೆ ಅನ್ನುವುದರಲ್ಲಿ. ಒಂದು ಟಬ್ ಬಿಸಿನೀರು ಒಮ್ಮೆಲೇ ಬಿಟ್ಟರೆ ಅದು ಪೈಪ್ ತುಂಬ ಹರಿದು, ದಾರಿಯನ್ನು ಬೆಚ್ಚಗೆ ಮಾಡಿಕೊಂಡು, ಟ್ಯಾಂಕ್ ಸೇರುತ್ತದೆ. ಆಮೇಲೆ ಪೈಪ್ ಖಾಲಿ. ಖಾಲಿ ಪೈಪಿನಲ್ಲಿ ಹೆಪ್ಪುಗಟ್ಟಲು ಏನೂ ಇರುವುದಿಲ್ಲ. ನಲ್ಲಿ ತೊಟ್ಟಿಕ್ಕಿದಾಗ ಹಾಗಲ್ಲ. ದಾರದಷ್ಟು ನೀರು ಪೈಪಿನ ತಳದಲ್ಲಿ ನಿಧಾನಕ್ಕೆ ಸಾಗುತ್ತದೆ. ನೆಲ ತಣ್ಣಗಿರುವ ಜಾಗಕ್ಕೆ ಬಂದಾಗ ಅದರಲ್ಲಿ ಬಿಸಿ ಉಳಿದಿರುವುದಿಲ್ಲ, ಅಲ್ಲೇ ಗಟ್ಟಿಯಾಗುತ್ತದೆ. ಅದರ ಮೇಲೆ ಇನ್ನೊಂದು ಪದರ, ಮತ್ತೊಂದು ಪದರ. ಉರಿಯುವ ಮೇಣದಬತ್ತಿಯಿಂದ ಮೇಣ ಇಳಿದು ಬುಡದಲ್ಲಿ ದಪ್ಪವಾಗುತ್ತದಲ್ಲ, ಹಾಗೆ. ಐದು ವಾರದಲ್ಲಿ ನಾಲ್ಕು ಇಂಚಿನ ಪೈಪ್ ಮುಚ್ಚಿಹೋಗುವುದು ದೊಡ್ಡ ವಿಷಯವೇ ಅಲ್ಲ.

ನಿಮ್ಮ ಸ್ನೇಹಿತರು ಹೇಳಿದ್ದು ಸುಳ್ಳಲ್ಲ. ಹೊರಗೋಡೆಯ ಒಳಗಿರುವ ಕುಡಿಯುವ ನೀರಿನ ಪೈಪ್ ಒಡೆಯದಿರಲಿ ಅಂತ ನಲ್ಲಿ ಸಣ್ಣಗೆ ಬಿಡುವುದು ಇಲ್ಲಿ ಎಲ್ಲರಿಗೂ ಗೊತ್ತಿರುವ ಉಪಾಯ. ಆದರೆ ಅದು ಊರಿನ ಒಳಚರಂಡಿಗೆ ಸೇರಿದ ಮನೆಯವರ ಉಪಾಯ. ಸೆಪ್ಟಿಕ್ ಇರುವ ಮನೆಯಲ್ಲಿ ಒಂದು ಪೈಪ್ ಉಳಿಸಲು ಹೋಗಿ ಇನ್ನೊಂದನ್ನು ಕಳೆದುಕೊಂಡ ಹಾಗಾಗುತ್ತದೆ. ಬದಲಿಗೆ ಸಿಂಕ್ ಕೆಳಗಿನ ಕಪಾಟಿನ ಬಾಗಿಲು ತೆರೆದಿಡಿ, ಮನೆಯೊಳಗಿನ ಬಿಸಿಗಾಳಿ ಪೈಪಿಗೆ ತಾಗಲಿ. ಮನೆಯಲ್ಲಿ ಜನ ಇದ್ದಾಗ ಸಾಮಾನ್ಯವಾಗಿ ಅಷ್ಟು ಸಾಕು.

ಇನ್ನೊಬ್ಬ ಕಳ್ಳನನ್ನೂ ಹುಡುಕಿ. ಮನೆ ಬೆಚ್ಚಗಿಡುವ ನಿಮ್ಮ ಫರ್ನೇಸ್ ಹೊಸ ಮಾದರಿಯದಾ? ಶೇಕಡಾ 90ಕ್ಕಿಂತ ಹೆಚ್ಚು ದಕ್ಷತೆಯ ಗ್ಯಾಸ್ ಫರ್ನೇಸ್‌ಗಳು ಹೊಗೆಯಲ್ಲಿರುವ ಹಬೆಯನ್ನೂ ತಣಿಸಿ ಅದರ ಶಾಖವನ್ನು ಹೀರಿಕೊಳ್ಳುತ್ತವೆ. ಆ ಹಬೆ ನೀರಾಗಿ ಒಂದು ಸಣ್ಣ ಪ್ಲಾಸ್ಟಿಕ್ ಕೊಳವೆಯಲ್ಲಿ ಇಳಿದು, ಬಹುತೇಕ ಮನೆಗಳಲ್ಲಿ ಫ್ಲೋರ್ ಡ್ರೇನ್‌ಗೆ ಬೀಳುತ್ತದೆ. ಹೊರಗೆ ಚಳಿ ಹೆಚ್ಚಾದಷ್ಟೂ ಫರ್ನೇಸ್ ಜಾಸ್ತಿ ಓಡುತ್ತದೆ, ತೊಟ್ಟಿಕ್ಕುವುದೂ ಜಾಸ್ತಿ. ಅಂದರೆ ನೀವು ನಲ್ಲಿ ಕಟ್ಟಿದ್ದರೂ ಹಗಲು ರಾತ್ರಿ ಒಂದು ಸಣ್ಣ ಧಾರೆ ಆ ಪೈಪಿಗೆ ಹೋಗುತ್ತಲೇ ಇರುತ್ತಿತ್ತು. ಮನೆಯ ಗಾಳಿಗೆ ತೇವ ಸೇರಿಸಲು ಫರ್ನೇಸಿಗೆ ಹೊಂದಿಸಿದ ಹ್ಯುಮಿಡಿಫೈಯರ್ ಕೂಡ ಇದೇ ಕೆಲಸ ಮಾಡುತ್ತದೆ. ಮನೆಯಲ್ಲಿ ಜನ ಇದ್ದಾಗ ಇದು ತೊಂದರೆ ಕೊಡುವುದಿಲ್ಲ. ಬೆಳಿಗ್ಗೆಯ ಸ್ನಾನದ ನೀರು ಬಂದು ರಾತ್ರಿ ಕಟ್ಟಿದ ತೆಳು ಮಂಜನ್ನು ಕರಗಿಸಿಕೊಂಡು ಹೋಗುತ್ತದೆ. ಮನೆ ಖಾಲಿಯಾದಾಗ ಆ ಬಿಸಿನೀರು ಬರುವುದಿಲ್ಲ, ತೊಟ್ಟು ಮಾತ್ರ ನಿಲ್ಲುವುದಿಲ್ಲ.

ಮೂರನೆಯದು ಟಾಯ್ಲೆಟ್ ಟ್ಯಾಂಕಿನ ಸೋರಿಕೆ. ಸದ್ದೇ ಇಲ್ಲದೆ ಸೋರುತ್ತಿರುತ್ತದೆ. ಜಹಾಂಗೀರಿಗೆ ಹಾಕುವ ಬಣ್ಣ ಮನೆಯಲ್ಲಿದ್ದರೆ ಒಂದು ಚಿಟಿಕೆ ಟಾಯ್ಲೆಟ್‌ನ ಮೇಲಿನ ಟ್ಯಾಂಕಿಗೆ ಹಾಕಿ. ಅರ್ಧ ಗಂಟೆ ಫ್ಲಶ್ ಮಾಡಬೇಡಿ. ಕೆಳಗಿನ ಬಟ್ಟಲಿನ ನೀರಿಗೆ ಬಣ್ಣ ಬಂತು ಅಂದರೆ ಒಳಗಿನ ರಬ್ಬರ್ ಮುಚ್ಚಳ ಸವೆದಿದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ನೀವೇ ಬದಲಾಯಿಸಬಹುದು. ಮನೆಯ ಎಲ್ಲ ಟಾಯ್ಲೆಟ್‌ಗೂ ಇದನ್ನು ಮಾಡಿ. ಯಾರೂ ಬಳಸದ ಬೇಸ್‌ಮೆಂಟ್ ಟಾಯ್ಲೆಟ್ ಮರೆಯಬೇಡಿ. ಸೋರುವುದು ಹೆಚ್ಚಾಗಿ ಅದೇ.

ಈಗ ನೆಲದ ಮೇಲಿನ ವಿಷಯಕ್ಕೆ ಬರೋಣ. ಇಲ್ಲಿ ನಮ್ಮ ಅಚ್ಚುಕಟ್ಟಿನ ಅಭ್ಯಾಸಗಳೇ ನಮಗೆ ಎದುರಾಗುತ್ತವೆ.

ನಿಮ್ಮ ಊರಿನ ಕಡೆ ರಾತ್ರಿ ಒಲೆಯ ಕೆಂಡದ ಮೇಲೆ ಬೂದಿ ಮುಚ್ಚುವುದನ್ನು ನೋಡಿರುತ್ತೀರಿ. ಬೆಳಿಗ್ಗೆ ಬೂದಿ ಸರಿಸಿದರೆ ಕೆಂಡ ಹಾಗೇ ಇರುತ್ತದೆ. ಸೆಪ್ಟಿಕ್ ಚಳಿಗಾಲ ಕಳೆಯುವುದು ಇದೇ ರೀತಿ. ಕೆಂಡ ಅಂದರೆ ಮನೆಯಿಂದ ಬರುವ ಬೆಚ್ಚಗಿನ ನೀರು. ಬೂದಿ ಅಂದರೆ ಮೇಲಿರುವ ಹುಲ್ಲು, ಅದರ ಮೇಲೆ ಬಿದ್ದ ಹಿಮ. ಎರಡೂ ಬೇಕು. ಎರಡರಲ್ಲಿ ಒಂದು ಹೋದರೂ ಪೈಪ್ ಕಟ್ಟುವ ಸಾಧ್ಯತೆ ಇದೆ. ಎರಡೂ ಒಟ್ಟಿಗೆ ಹೋದರೆ ಹೆಚ್ಚುಕಮ್ಮಿ ಖಚಿತ.

ಮಿನೆಸೋಟಾದ ಕಟ್ಟಡ ನಿಯಮ ಮನೆಯ ಅಡಿಪಾಯ ಎಷ್ಟು ಆಳ ಹೋಗಬೇಕು ಅಂತ ಹೇಳುತ್ತದೆ. ದಕ್ಷಿಣ ಭಾಗಕ್ಕೆ, ಅಂದರೆ ನಿಮ್ಮ ಕಡೆಗೆ, 42 ಇಂಚು. ಉತ್ತರಕ್ಕೆ 60 ಇಂಚು. ನೆಲ ಅಷ್ಟು ಆಳದವರೆಗೆ ಹೆಪ್ಪುಗಟ್ಟಬಹುದು ಅನ್ನುವ ಲೆಕ್ಕ ಅದು. ನಿಮ್ಮ ಸೆಪ್ಟಿಕ್ ಪೈಪ್ ಬಹುಶಃ ಅಷ್ಟು ಆಳದಲ್ಲಿಲ್ಲ. ಆದರೂ ಬಹುತೇಕ ಮನೆಗಳಲ್ಲಿ ಅದು ಹೆಪ್ಪುಗಟ್ಟುವುದಿಲ್ಲ. ಯಾಕೆಂದರೆ ಮೇಲೆ ಹೊದಿಕೆ ಇದೆ. ಹೊಸದಾಗಿ ಬಿದ್ದ ಹಿಮದ ತುಂಬ ಗಾಳಿ. ಒಂದಡಿ ಹಗುರ ಹಿಮ ಒಳ್ಳೆಯ ಕೌದಿ ಇದ್ದ ಹಾಗೆ, ನೆಲದ ಶಾಖವನ್ನು ಮೇಲೆ ಹೋಗಲು ಬಿಡುವುದಿಲ್ಲ. ಅದೇ ಹಿಮವನ್ನು ತುಳಿದರೆ ಗಾಳಿ ಹೋಗಿ ಹಲಗೆಯ ಹಾಗೆ ಆಗುತ್ತದೆ, ಚಳಿ ಸಲೀಸಾಗಿ ಕೆಳಗಿಳಿಯುತ್ತದೆ. ಹಿಮವನ್ನೇ ತೆಗೆದ ಜಾಗದಲ್ಲಿ, ಅಂದರೆ ಡ್ರೈವ್‌ವೇ, ಕಾಲುದಾರಿಗಳ ಕೆಳಗೆ, ಹೆಪ್ಪು ಇನ್ನೂ ಆಳ ಹೋಗುತ್ತದೆ. ಇಲ್ಲಿನವರು ಭಯಪಡುವುದು ಬರಿಯ ಚಳಿಗಲ್ಲ. ಡಿಸೆಂಬರ್, ಜನವರಿಯಲ್ಲಿ ಹಿಮ ಬೀಳದೆ ಒಣಚಳಿ ಹೊಡೆದ ವರ್ಷಗಳಿಗೆ. ಸೆಪ್ಟಿಕ್ ಕೆಲಸದವರ ಫೋನ್ ಬಿಡುವಿಲ್ಲದೆ ಹೊಡೆದುಕೊಳ್ಳುವುದು ಅಂಥ ವರ್ಷಗಳಲ್ಲಿ.

ಹಾಗಾಗಿ ಮೊದಲ ಕೆಲಸ ಆಗಸ್ಟ್ ಕೊನೆಗೇ ಶುರುವಾಗುತ್ತದೆ. ಟ್ಯಾಂಕ್, ಪೈಪ್ ಸಾಲು, ದಿಬ್ಬ, ಇವುಗಳ ಮೇಲೆ ಹುಲ್ಲು ಕತ್ತರಿಸುವುದನ್ನು ನಿಲ್ಲಿಸಿ. ಆರೆಂಟು ಇಂಚು ಬೆಳೆಯಲಿ. ಅಕ್ಕಪಕ್ಕದವರ ಹುಲ್ಲು ಒಂದೇ ಸಮ ಇದ್ದು ನಿಮ್ಮದು ಮಾತ್ರ ಕಾಡು ಬೆಳೆದ ಹಾಗೆ ಕಾಣಬಹುದು. ಕಾಣಲಿ ಬಿಡಿ. ಉದ್ದ ಹುಲ್ಲು ತಾನೇ ಒಂದು ಹೊದಿಕೆ, ಜೊತೆಗೆ ಗಾಳಿಗೆ ಹಾರಿಹೋಗುವ ಹಿಮವನ್ನು ಹಿಡಿದು ನಿಲ್ಲಿಸುತ್ತದೆ. ನಿಮ್ಮದು ದಿಬ್ಬದ ಸಿಸ್ಟಮ್ ಆದ್ದರಿಂದ ಇದು ತುಂಬ ಮುಖ್ಯ. ಬಯಲಲ್ಲಿ ಎದ್ದು ನಿಂತ ದಿಬ್ಬಕ್ಕೆ ನಾಲ್ಕೂ ಕಡೆಯಿಂದ ಗಾಳಿ ಬಡಿಯುತ್ತದೆ, ನೆತ್ತಿಯ ಮೇಲೆ ಹಿಮ ನಿಲ್ಲುವುದೇ ಕಷ್ಟ.

ಇನ್ನೊಂದು ಮಾತು ಮಕ್ಕಳಿಗೆ ಹೇಳಬೇಕಾದದ್ದು. ಇಲ್ಲಿನ ಸಮತಟ್ಟು ಹಿತ್ತಲಲ್ಲಿ ಜಾರುಬಂಡಿ ಆಡಲು ಆ ದಿಬ್ಬವೊಂದೇ ಸಿಗುವ ಏರು. ಮಕ್ಕಳ ಕಣ್ಣು ಅಲ್ಲೇ ಹೋಗುತ್ತದೆ. ಬೇಡ ಅನ್ನುವುದು ನನಗೂ ಬೇಸರ. ಆದರೆ ನಾಲ್ಕು ಮಕ್ಕಳು ಒಂದು ಭಾನುವಾರ ಜಾರಿದರೆ ಸಾಕು, ಹಿಮ ಕಲ್ಲಾಗುತ್ತದೆ. ಅವರಿಗೆ ಬೇರೆ ಜಾಗ ಹುಡುಕಿ ಕೊಡಿ. ಸ್ನೋಮೊಬೈಲ್, ಟ್ರಾಕ್ಟರ್, ಹಿಮ ತಳ್ಳುವ ಗಾಡಿ ಯಾವುದೂ ಆ ಕಡೆ ಹೋಗಬಾರದು. ಹಿಮ ತೆಗೆಯಲು ಜನ ಬರುವುದಾದರೆ ಅಕ್ಟೋಬರಿನಲ್ಲೇ ನಾಲ್ಕು ಕೋಲು ನೆಟ್ಟು ಗುರುತು ಮಾಡಿ. ಹಿಮ ಬಿದ್ದ ಮೇಲೆ ಟ್ಯಾಂಕ್ ಎಲ್ಲಿದೆ, ಪೈಪ್ ಎಲ್ಲಿದೆ ಅಂತ ಮನೆಯವರಿಗೇ ಗೊತ್ತಾಗುವುದಿಲ್ಲ.

ಒಣಹುಲ್ಲು ಹೊದಿಸಬೇಕಾ? ಹುಲ್ಲು ಚೆನ್ನಾಗಿ ಬೆಳೆದ, ಹತ್ತಾರು ವರ್ಷ ಒಮ್ಮೆಯೂ ಕಟ್ಟದ ಸಿಸ್ಟಮ್‌ಗೆ ಪ್ರತಿ ವರ್ಷ ಬೇಡ ಅಂತ ನನ್ನ ಅಭಿಪ್ರಾಯ. ನಿಮ್ಮದು ಹೋದ ವರ್ಷ ಕಟ್ಟಿದೆ, ಹಾಗಾಗಿ ನಿಮಗೆ ಬೇಕು. ನೆಲ ಗಟ್ಟಿಯಾಗುವ ಮೊದಲು, ಅಕ್ಟೋಬರ್ ಕೊನೆ ಅಥವಾ ನವೆಂಬರ್ ಮೊದಲ ವಾರ, ಪೈಪ್ ಸಾಲಿನ ಮೇಲೆ, ಟ್ಯಾಂಕ್ ಮೇಲೆ, ದಿಬ್ಬದ ಮೇಲೆ 8ರಿಂದ 12 ಇಂಚು ದಪ್ಪ ಒಣಹುಲ್ಲು ಹರಡಿ. ರೈತರ ಹತ್ತಿರ, ತೋಟದ ಸಾಮಾನಿನ ಅಂಗಡಿಗಳಲ್ಲಿ ಕಟ್ಟುಗಳಾಗಿ ಸಿಗುತ್ತದೆ. ಒದ್ದೆ ಹುಲ್ಲು ಬೇಡ, ಅದರಲ್ಲಿ ಗಾಳಿ ಇರುವುದಿಲ್ಲ. ಉದುರಿದ ಎಲೆಯೂ ಆಗುತ್ತದೆ. ಮೇಲೆ ಒಂದು ಬಲೆ ಹಾಸಿ ಅಂಚಿಗೆ ಗೂಟ ಹೊಡೆಯಿರಿ, ಇಲ್ಲದಿದ್ದರೆ ಒಂದೇ ಗಾಳಿಗೆ ಎಲ್ಲ ಪಕ್ಕದ ಜೋಳದ ಹೊಲ ಸೇರುತ್ತದೆ. ಏಪ್ರಿಲಿನಲ್ಲಿ ಮರೆಯದೆ ತೆಗೆಯಿರಿ. ಕೆಳಗಿನ ಹುಲ್ಲು ಸತ್ತರೆ ಮುಂದಿನ ವರ್ಷದ ಹೊದಿಕೆಯೇ ಹೋದ ಹಾಗೆ.

ಟ್ಯಾಂಕಿನ ಮುಚ್ಚಳ ನೋಡಿ. ಅದು ನೆಲದ ಮಟ್ಟಕ್ಕೆ ಬಂದಿದ್ದರೆ ಅಲ್ಲಿಂದ ಶಾಖ ಸುಮ್ನೆ ಹೊರಗೆ ಹೋಗುತ್ತಿರುತ್ತದೆ. ಮುಚ್ಚಳದ ಒಳಮೈಗೆ 2 ಇಂಚು ದಪ್ಪದ ಗಟ್ಟಿ ಫೋಮ್ ಹಲಗೆ ಕೂರಿಸಿದರೆ ಆರ್-10ರಷ್ಟು (ಶಾಖ ತಡೆಯುವ ಶಕ್ತಿಯ ಅಳತೆ ಅದು) ತಡೆ ಸಿಗುತ್ತದೆ. ಇದನ್ನು ಟ್ಯಾಂಕ್ ಖಾಲಿ ಮಾಡಲು ಬಂದವರ ಕೈಯಲ್ಲೇ ಮಾಡಿಸಿ. ದಿಬ್ಬದ ಮೇಲೆ, ಟ್ಯಾಂಕಿನ ಹತ್ತಿರ ಬಿಳಿ ಪಿವಿಸಿ ಕೊಳವೆಗಳು ತಲೆ ಎತ್ತಿ ನಿಂತಿರುತ್ತವೆ, ಒಳಗೆ ಇಣುಕಿ ನೋಡಲು ಇಟ್ಟಿದ್ದು. ಹುಲ್ಲು ಕತ್ತರಿಸುವ ಯಂತ್ರ ತಾಗಿ ಎಷ್ಟೋ ಕಡೆ ಅದರ ಮುಚ್ಚಳ ಒಡೆದಿರುತ್ತದೆ. ಸೊನ್ನೆಗಿಂತ ಕೆಳಗಿನ ಗಾಳಿ ಅಲ್ಲಿಂದ ನೇರ ಒಳಗಿಳಿಯುತ್ತದೆ. ಕೆಲವೇ ಡಾಲರಿನ ಮುಚ್ಚಳ ಅದು. ತಯಾರಿಯಲ್ಲಿ ಅತ್ಯಂತ ಅಗ್ಗದ ಕೆಲಸ ಇದು, ಜನ ಬಿಟ್ಟುಬಿಡುವುದೂ ಇದನ್ನೇ.

ಟ್ಯಾಂಕ್ ಖಾಲಿ ಮಾಡಿಸುವುದು ಯಾವಾಗ? ಮಿನೆಸೋಟಾದ ನಿಯಮದ ಪ್ರಕಾರ ಕನಿಷ್ಠ ಮೂರು ವರ್ಷಕ್ಕೊಮ್ಮೆ ಟ್ಯಾಂಕ್ ಪರೀಕ್ಷೆ ಆಗಬೇಕು ಅಥವಾ ಕೆಸರು ತೆಗೆಸಬೇಕು. ನೀವು ಮನೆ ಕೊಂಡು ಎರಡು ವರ್ಷ ಅಂದಿರಿ, ಹಳೆಯ ಮಾಲೀಕರು ಯಾವಾಗ ಮಾಡಿಸಿದ್ದರು ಅಂತ ದಾಖಲೆ ನೋಡಿ. ಮಾಡಿಸುವುದಾದರೆ ಆಗಸ್ಟ್ ಅಥವಾ ಸೆಪ್ಟೆಂಬರಿನಲ್ಲಿ ಮಾಡಿಸಿ. ಚಳಿ ಶುರುವಾಗುವ ಹೊತ್ತಿಗೆ ಟ್ಯಾಂಕ್ ಮತ್ತೆ ಬೆಚ್ಚಗಿನ ನೀರಿನಿಂದ ತುಂಬಿ, ಒಳಗಿನ ಬ್ಯಾಕ್ಟೀರಿಯಾ ನೆಲೆ ನಿಂತಿರಬೇಕು. ನವೆಂಬರ್ ಕೊನೆಗೆ ಖಾಲಿ ಮಾಡಿಸಿದರೆ ಚಳಿಯ ಮೊದಲ ಹೊಡೆತಕ್ಕೆ ಟ್ಯಾಂಕಿನಲ್ಲಿ ಶಾಖವೇ ಇರುವುದಿಲ್ಲ. ಅದೇ ದಿನ ಟ್ಯಾಂಕಿನ ಹೊರಬಾಯಲ್ಲಿ ಫಿಲ್ಟರ್ ಇದ್ದರೆ ತೊಳೆಸಿ. ಪಂಪ್, ಅದರ ಅಲಾರಂ ಎರಡೂ ಕೆಲಸ ಮಾಡುತ್ತಿವೆಯಾ ನೋಡಿಸಿ.

ಅವರು ಬಂದಾಗ ಕೇಳಲೇಬೇಕಾದ ಪ್ರಶ್ನೆಗಳು ಎರಡು. ಮೊದಲನೆಯದು ಮನೆಯಿಂದ ಟ್ಯಾಂಕಿಗೆ ಹೋಗುವ ಪೈಪ್ ಎಲ್ಲಾದರೂ ಜೋತು ಬಿದ್ದಿದೆಯಾ ಅಂತ. ಪೈಪ್ ಹೂಳಿದ ಮಣ್ಣು ವರ್ಷ ಕಳೆದ ಹಾಗೆ ಕುಸಿಯುತ್ತದೆ, ಮಧ್ಯದಲ್ಲಿ ಹೊಟ್ಟೆ ಬಿಟ್ಟ ಹಾಗೆ ಬಾಗುತ್ತದೆ. ಆ ತಗ್ಗಿನಲ್ಲಿ ಯಾವಾಗಲೂ ನೀರು ನಿಂತಿರುತ್ತದೆ, ಚಳಿಗಾಲದಲ್ಲಿ ಮಂಜುಗಡ್ಡೆಯ ಬೀಜ ಅದೇ. ಒಂದು ಕ್ಯಾಮೆರಾ ಬಿಟ್ಟು ನೋಡಿದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಹೋದ ವರ್ಷ ಕಟ್ಟಿದ್ದು ಈ ಪೈಪೇ ಆದ್ದರಿಂದ ನೀವು ಇದನ್ನು ಬಿಡಬಾರದು. ತಗ್ಗು ಇದ್ದರೆ ನೆಲ ಗಟ್ಟಿಯಾಗುವ ಮೊದಲೇ ಅಗೆದು ಸರಿಮಾಡಿಸಿ, ಮುಚ್ಚುವ ಮೊದಲು ಪೈಪಿನ ಮೇಲೆ 2 ಇಂಚು ಫೋಮ್ ಹಲಗೆ ಹಾಸಿಸಿ. ಪೈಪ್ ಕಾಲುದಾರಿಯ ಅಡಿಯಲ್ಲಿ ಹೋಗಿದ್ದರೆ ಫೋಮ್ ಬೇಕೇ ಬೇಕು.

ಎರಡನೆಯದು ಪಂಪಿನಿಂದ ದಿಬ್ಬಕ್ಕೆ ಹೋಗುವ ಪೈಪಿನ ನೀರು ಪಂಪ್ ನಿಂತ ಮೇಲೆ ಹಿಂದಕ್ಕೆ ಇಳಿಯುತ್ತದೆಯಾ ಅಂತ. ಇಳಿಯಬೇಕು. ಸರಿಯಾಗಿ ಕಟ್ಟಿದ ಸಿಸ್ಟಮ್‌ನಲ್ಲಿ ಪ್ರತಿ ಸಲ ಆ ಪೈಪ್ ತಾನೇ ಖಾಲಿಯಾಗುತ್ತದೆ. ನೀರು ವಾಪಸ್ ಬಾರದಂತೆ ಯಾರಾದರೂ ವಾಲ್ವ್ ಹಾಕಿದ್ದರೆ ಆ ಸಾಲು ಹೆಪ್ಪುಗಟ್ಟಲು ಕಾದು ಕೂತಿದೆ ಅಂತಲೇ ಲೆಕ್ಕ. ಪಂಪ್ ಬದಲಾಯಿಸಿದ ಮನೆಗಳಲ್ಲಿ ಇದನ್ನು ನೋಡಿಸಿಕೊಳ್ಳುವುದು ಒಳ್ಳೆಯದು.

ಈಗ ಅತ್ತೆಯವರ ಮಾತು. ಸಗಣಿ, ಬೆಲ್ಲ, ಹುಳಿ ಮಜ್ಜಿಗೆ, ಯೀಸ್ಟ್, ಅಂಗಡಿಯಲ್ಲಿ ಸಿಗುವ ಪುಡಿಗಳು, ಯಾವುದೂ ಬೇಡ. ಅವರು ಹೇಳಿದ್ದಕ್ಕೆ ಹಿನ್ನೆಲೆ ಇದೆ. ನಮ್ಮ ಕಡೆ ಹೊಸ ಗುಂಡಿಗೆ ಸಗಣಿ ನೀರು ಸುರಿಯುವ ಅಭ್ಯಾಸ ಇದೆ, ಸಗಣಿಯಲ್ಲಿ ಬ್ಯಾಕ್ಟೀರಿಯಾ ಇರುವುದೂ ನಿಜ. ಆದರೆ ನಿಮ್ಮ ಟ್ಯಾಂಕಿಗೆ ಬೇಕಾದ ಬ್ಯಾಕ್ಟೀರಿಯಾ ದಿನವೂ ಮನೆಯಿಂದಲೇ ಹೋಗುತ್ತಿದೆ. ಚಳಿಯಲ್ಲಿ ಅವು ನಿಧಾನವಾಗುತ್ತವೆ, ಸಾಯುವುದಿಲ್ಲ. ಅವು ಹುಟ್ಟಿಸುವ ಶಾಖ ಪೈಪ್ ಕರಗಿಸುವಷ್ಟು ದೊಡ್ಡದೂ ಅಲ್ಲ. ಮಂಜು ಕಟ್ಟಿರುವುದು ಟ್ಯಾಂಕಿನಲ್ಲಿ ಅಲ್ಲ, ಅದಕ್ಕಿಂತ ಮೊದಲಿನ ಪೈಪಿನಲ್ಲಿ. ಬೆಲ್ಲ ಅಲ್ಲಿ ಏನು ಮಾಡಲು ಸಾಧ್ಯ?

ಅತ್ತೆಯವರಿಗೆ ಇನ್ನೊಂದು ವ್ಯತ್ಯಾಸವನ್ನೂ ವಿವರಿಸಿ, ಅವರಿಗೆ ಬೇಗ ಅರ್ಥವಾಗುತ್ತದೆ. ಮಲೆನಾಡಿನ ಮನೆಗಳಲ್ಲಿ ಪಾಯಿಖಾನೆಯ ಗುಂಡಿ ಬೇರೆ, ಬಚ್ಚಲ ನೀರು ಬೇರೆ. ಬಚ್ಚಲ ನೀರು ಬಾಳೆಗಿಡಕ್ಕೋ ಅಡಿಕೆ ಮರಕ್ಕೋ ಹೋಗುತ್ತದೆ. ಇಲ್ಲಿ ಹಾಗಲ್ಲ. ಸ್ನಾನ, ಬಟ್ಟೆ, ಪಾತ್ರೆ, ಟಾಯ್ಲೆಟ್, ಎಲ್ಲವೂ ಒಂದೇ ಪೈಪ್, ಒಂದೇ ಟ್ಯಾಂಕ್. ಹಾಗಾಗಿ ಅಡುಗೆಮನೆಯಲ್ಲಿ ಮಾಡಿದ್ದು ದಿಬ್ಬದವರೆಗೂ ಹೋಗುತ್ತದೆ. ಒಗ್ಗರಣೆ ಎಣ್ಣೆ, ಬೋಂಡಾ ಕರಿದ ಎಣ್ಣೆ, ತುಪ್ಪದ ಜಿಡ್ಡು ಚಳಿಗಾಲದಲ್ಲಿ ತಣ್ಣಗಿನ ಪೈಪಿನ ಗೋಡೆಗೆ ಬೇಗ ಅಂಟುತ್ತದೆ. ಕಿರಿದಾದ ಪೈಪ್ ಮಂಜಿಗೆ ಇನ್ನೂ ಸುಲಭ. ಪಾತ್ರೆ ತೊಳೆಯುವ ಮೊದಲು ಪೇಪರಿನಲ್ಲಿ ಒರೆಸಿ ಕಸಕ್ಕೆ ಹಾಕಿ. ದೋಸೆ ಹಿಟ್ಟಿನ ಪಾತ್ರೆ, ಉಳಿದ ಸಾಂಬಾರಿನ ಬೇಳೆ, ಕರಿಬೇವು, ತೆಂಗಿನ ಚರಟ ಎಲ್ಲ ಸಿಂಕಿನ ಗ್ರೈಂಡರಿಗೆ ಹೋಗಬಾರದು. ಸೆಪ್ಟಿಕ್ ಇರುವ ಮನೆಯಲ್ಲಿ ಆ ಗ್ರೈಂಡರ್ ಇರುವುದೇ ನನಗೆ ಇಷ್ಟವಿಲ್ಲ. ಒದ್ದೆ ವೈಪ್ಸ್ ಪೊಟ್ಟಣದ ಮೇಲೆ ಫ್ಲಶ್ ಮಾಡಬಹುದು ಅಂತ ಬರೆದಿದ್ದರೂ ಮಾಡಬೇಡಿ.

ನೀರಿನ ಬಳಕೆಯಲ್ಲಿ ನಮ್ಮ ಕಡೆಯ ಅಭ್ಯಾಸ ಒಂದನ್ನು ಸ್ವಲ್ಪ ಬದಲಿಸಿಕೊಳ್ಳಬೇಕು. ವಾರದ ಬಟ್ಟೆಯನ್ನೆಲ್ಲ ಭಾನುವಾರ ಒಂದೇ ದಿನ ಒಗೆಯುವವರು ತುಂಬ ಜನ. ಆ ದಿನ ದಿಬ್ಬಕ್ಕೆ ನೀರು ಜಾಸ್ತಿಯಾಗಿ ಮಣ್ಣು ನೆನೆದು ಹೋಗುತ್ತದೆ. ಉಳಿದ ಆರು ದಿನ ಪೈಪಿಗೆ ಬಿಸಿನೀರೇ ಇಲ್ಲ. ನೀರು ತುಂಬಿ ನಿಂತ ದಿಬ್ಬ ಹೆಪ್ಪುಗಟ್ಟುವ ಅಪಾಯ ಹೆಚ್ಚು. ದಿನಕ್ಕೊಂದು ಲೋಡ್, ಬಿಸಿನೀರಿನಲ್ಲಿ ಹಾಕಿ. ದೀಪಾವಳಿಗೆ ಮೂವತ್ತು ಜನ ಊಟಕ್ಕೆ ಬಂದರೆ ಆ ವಾರ ಬಟ್ಟೆ ಮುಂದೂಡಿ. ಬಕೆಟ್ ಸ್ನಾನ ಒಳ್ಳೆಯದೇ, ಮುಂದುವರಿಸಿ. ಆದರೆ ಇಬ್ಬರೇ ಇರುವ ಮನೆಯಲ್ಲಿ, ಇಬ್ಬರೂ ಹಗಲೆಲ್ಲ ಕೆಲಸಕ್ಕೆ ಹೋದರೆ, ಹೊರಗೆ ಸೊನ್ನೆ ಫ್ಯಾರನ್‌ಹೀಟ್‌ಗಿಂತ, ಅಂದರೆ ಸುಮಾರು ಮೈನಸ್ 18 ಡಿಗ್ರಿ ಸೆಲ್ಸಿಯಸ್‌ಗಿಂತ, ಕೆಳಗಿಳಿದ ವಾರಗಳಲ್ಲಿ ನೀರು ಉಳಿಸುವ ಹಟ ಸ್ವಲ್ಪ ಸಡಿಲಿಸಿ. ದಿನಾ ಒಮ್ಮೆ ಟಬ್ಬಿನಲ್ಲಿ ನಾಲ್ಕೈದು ಬಕೆಟ್ ಬಿಸಿನೀರು ತುಂಬಿಸಿ ಒಮ್ಮೆಲೇ ಬಿಟ್ಟರೆ ಅದು ದಂಡವಲ್ಲ. ಅತ್ತೆಯವರು ಚಳಿಗಾಲಕ್ಕೆ ನಿಮ್ಮ ಜೊತೆ ಬಂದಿದ್ದರೆ ನಿಮ್ಮ ಸೆಪ್ಟಿಕ್‌ಗೆ ಅದಕ್ಕಿಂತ ಒಳ್ಳೆಯದಿಲ್ಲ. ಹಗಲು ಹೊತ್ತು ಬಿಸಿನೀರು ಬಳಸುವ ಒಬ್ಬರು ಮನೆಯಲ್ಲಿ ಇದ್ದ ಹಾಗಾಯಿತು.

ಇನ್ನು ಫೆಬ್ರವರಿ. ನೀವು ಹೊರಡುವ ತಿಂಗಳು ಸ್ವಲ್ಪ ಕಷ್ಟದ್ದೇ. ಜನವರಿಯಲ್ಲಿ ಚಳಿ ಹೆಚ್ಚು, ಆದರೆ ನೆಲದ ಹೆಪ್ಪು ಅತಿ ಆಳಕ್ಕೆ ಇಳಿದಿರುವುದು ಫೆಬ್ರವರಿ ಕೊನೆಗೆ, ಮಾರ್ಚ್ ಮೊದಲಿಗೆ. ಹೊರಗೆ ಬಿಸಿಲು ಕಂಡರೂ ಕೆಳಗೆ ಇನ್ನೂ ಇಳಿಯುತ್ತಿರುತ್ತದೆ.

ಎಲ್ಲಕ್ಕಿಂತ ಒಳ್ಳೆಯದು ಮನೆಯಲ್ಲಿ ಯಾರಾದರೂ ಇರುವುದು. ರಾಚೆಸ್ಟರಿನ ಮೇಯೋ ಕ್ಲಿನಿಕ್‌ಗೆ ತರಬೇತಿಗೆ, ಕೆಲಸಕ್ಕೆ ಬಂದು ಒಂದು ತಿಂಗಳ ಮಟ್ಟಿಗೆ ಕೋಣೆ ಹುಡುಕುವವರು ಯಾವಾಗಲೂ ಇರುತ್ತಾರೆ. ನಿಮ್ಮ ಪರಿಚಯದವರಲ್ಲಿ ಕೇಳಿ. ಅವರಿಗೂ ಅನುಕೂಲ, ನಿಮ್ಮ ಪೈಪಿಗೂ ಅನುಕೂಲ. ಅದು ಆಗದಿದ್ದರೆ ಸ್ನೇಹಿತರೊಬ್ಬರು ಎರಡು ಮೂರು ದಿನಕ್ಕೊಮ್ಮೆ ಬಂದು, ಟಬ್ ಪೂರ್ತಿ ಬಿಸಿನೀರು ತುಂಬಿಸಿ ಬಿಟ್ಟು, ಅವರ ಬಟ್ಟೆಯನ್ನೂ ಒಂದು ಲೋಡ್ ಒಗೆದುಕೊಂಡು ಹೋಗಲಿ. ಹೋದ ವರ್ಷ ನಲ್ಲಿ ಬಿಡಲು ಹೇಳಿದ ಸ್ನೇಹಿತರನ್ನೇ ಕೇಳಿ ನೋಡಿ, ಖಂಡಿತ ಬರುತ್ತಾರೆ.

ಯಾರೂ ಸಿಗದಿದ್ದರೆ ಪೂರ್ತಿ ಒಣಗಿಸಿ ಹೋಗುವ ದಾರಿ ಇದೆ. ಬಾವಿಯ ಪಂಪ್ ಆಫ್ ಮಾಡಿ, ಮುಖ್ಯ ವಾಲ್ವ್ ಕಟ್ಟಿ. ಎಲ್ಲ ನಲ್ಲಿ ತೆರೆದು ಪೈಪ್ ಖಾಲಿ ಮಾಡಿ, ಟಾಯ್ಲೆಟ್ ಫ್ಲಶ್ ಮಾಡಿ. ನೀರು ಕಾಯಿಸುವ ಹೀಟರನ್ನು ರಜೆಯ ಮಟ್ಟಕ್ಕೆ ಇಳಿಸಿ. ಥರ್ಮೋಸ್ಟಾಟ್ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಅಂದರೆ ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ, ಕೆಳಗೆ ಇಡಬೇಡಿ. ಹ್ಯುಮಿಡಿಫೈಯರ್ ಆಫ್. ಸೆಪ್ಟಿಕ್ ಪಂಪಿನ ಬ್ರೇಕರ್ ಮಾತ್ರ ಆಫ್ ಮಾಡಬೇಡಿ. ಆಗ ಉಳಿಯುವುದು ಫರ್ನೇಸಿನ ತೊಟ್ಟು ಒಂದೇ. ಅದಕ್ಕೆ ಸ್ವಲ್ಪ ದೊಡ್ಡ ತೊಟ್ಟಿ ಇರುವ ಕಂಡೆನ್ಸೇಟ್ ಪಂಪ್ ಹಾಕಿಸಿ. ನೀರು ತೊಟ್ಟಿಯಲ್ಲಿ ಸೇರಿ, ಒಮ್ಮೆಲೇ ರಭಸದಿಂದ ಹೋಗುತ್ತದೆ. ಅದಕ್ಕೂ ಭದ್ರವಾದದ್ದು ಮನೆ ಮತ್ತು ಟ್ಯಾಂಕಿನ ನಡುವಿನ ಪೈಪಿಗೆ ಶಾಖ ಕೊಡುವ ಕೇಬಲ್. ವಿದ್ಯುತ್ ಖರ್ಚಾಗುತ್ತದೆ, ಹಾಕಿಸುವ ಖರ್ಚೂ ಇದೆ. ಆದರೆ ನೀವು ಪ್ರತಿ ಚಳಿಗಾಲ ಊರಿಗೆ ಹೋಗುವವರಾದರೆ ನಾನು ಅದನ್ನೇ ಹೇಳುತ್ತೇನೆ.

ನಾಲ್ಕು ವಾರಕ್ಕೆ ಟ್ಯಾಂಕ್ ಖಾಲಿ ಮಾಡಿಸಿ ಹೋಗುವುದು ಬೇಡ. ಇಡೀ ಚಳಿಗಾಲ ಮನೆ ಮುಚ್ಚುವವರಿಗೆ ಅದು ಸರಿ. ಅವರೂ ಅಂತರ್ಜಲ ಮೇಲಿದ್ದರೆ ಮೊದಲು ಕೇಳಿಕೊಳ್ಳಬೇಕು, ಖಾಲಿ ಟ್ಯಾಂಕ್ ದೋಣಿಯ ಹಾಗೆ ಮೇಲಕ್ಕೆ ತೇಲಬಹುದು.

ಇಷ್ಟೆಲ್ಲ ಮಾಡಿಯೂ ಕಟ್ಟಿಕೊಂಡರೆ ಮೊದಲ ಸೂಚನೆ ಬೇಸ್‌ಮೆಂಟಿನಲ್ಲೇ ಕಾಣುತ್ತದೆ. ಅತಿ ಕೆಳಗಿನ ಡ್ರೇನ್ ಗುಳುಗುಳು ಅನ್ನುತ್ತದೆ, ಟಬ್ ನಿಧಾನ ಇಳಿಯುತ್ತದೆ. ಪಂಪಿನ ಸಾಲು ಕಟ್ಟಿದ್ದರೆ ಅಲಾರಂ ಹೊಡೆದುಕೊಳ್ಳುತ್ತದೆ. ಆ ಕ್ಷಣವೇ ನೀರು ಬಳಸುವುದನ್ನು ನಿಲ್ಲಿಸಿ, ಲೈಸೆನ್ಸ್ ಇರುವ ಸೆಪ್ಟಿಕ್ ಕೆಲಸದವರನ್ನು ಕರೆಯಿರಿ. ಬಿಸಿನೀರಿನ ಜೆಟ್ಟರ್ ಅಥವಾ ಹಬೆಯಿಂದ ಅವರು ಪೈಪ್ ಬಿಡಿಸುತ್ತಾರೆ. ದಿಬ್ಬವೇ ಹೆಪ್ಪುಗಟ್ಟಿದ್ದರೆ ಅದನ್ನು ಕರಗಿಸುವುದು ಆಗದ ಮಾತು. ವಸಂತದವರೆಗೆ ನೀರು ಕಡಿಮೆ ಬಳಸಿ, ಟ್ಯಾಂಕ್ ತುಂಬಿದಾಗಲೆಲ್ಲ ಖಾಲಿ ಮಾಡಿಸಬೇಕಾಗುತ್ತದೆ. ಖರ್ಚಿನ ಕೆಲಸ ಅದು.

ಉಪ್ಪು, ಆಂಟಿಫ್ರೀಜ್ ಹಾಕದೆ ಇದ್ದದ್ದು ನೀವು ಮಾಡಿದ ಬಹಳ ಒಳ್ಳೆಯ ಕೆಲಸ. ನಿಮ್ಮ ಆಗ್ನೇಯ ಮಿನೆಸೋಟಾದ ನೆಲದಡಿ ಇರುವುದು ಬಿರುಕು, ಪೊಳ್ಳುಗಳಿರುವ ಸುಣ್ಣಕಲ್ಲು. ಮೇಲೆ ಸುರಿದದ್ದು ಮಣ್ಣಿನಲ್ಲಿ ಸೋಸಿಕೊಳ್ಳದೆ ಬೇಗ ಅಂತರ್ಜಲ ಸೇರುತ್ತದೆ, ಆ ಅಂತರ್ಜಲವೇ ನಿಮ್ಮ ಮತ್ತು ಪಕ್ಕದವರ ಬಾವಿ. ಕಾರಿನ ಆಂಟಿಫ್ರೀಜ್ ವಿಷ. ಅದೇ ಕಾರಣಕ್ಕೆ, ಟ್ಯಾಂಕ್ ತುಂಬಿತು ಅಂತ ಕೊಳಚೆಯನ್ನು ಹಿತ್ತಲಿಗೆ ಪಂಪ್ ಮಾಡಿ ಹಿಮದ ಮೇಲೆ ಬಿಡುವುದೂ ಕೂಡದು. ಪೈಪಿನ ಮೇಲೆ ಬೆಂಕಿ ಹಾಕಿ ಕರಗಿಸಲು ಹೋಗುವವರೂ ಇದ್ದಾರೆ. ಪ್ಲಾಸ್ಟಿಕ್ ಪೈಪ್ ಸುಡುತ್ತದೆ, ಗ್ಯಾಸ್ ಹೊತ್ತಿಕೊಳ್ಳಬಹುದು.

ಟ್ಯಾಂಕಿನ ಮುಚ್ಚಳ ನೀವಾಗಿ ತೆಗೆದು ಬಗ್ಗಿ ನೋಡಬೇಡಿ. ಒಳಗೆ ಇಳಿಯುವ ಮಾತಂತೂ ಬೇಡವೇ ಬೇಡ. ಅಲ್ಲಿ ಸೇರುವ ಹೈಡ್ರೋಜನ್ ಸಲ್ಫೈಡ್ ಒಂದೆರಡು ಉಸಿರಿಗೇ ಪ್ರಜ್ಞೆ ತಪ್ಪಿಸಬಲ್ಲದು. ನಮ್ಮ ದೇಶದಲ್ಲಿ ಜನರನ್ನು ರಕ್ಷಣೆ ಇಲ್ಲದೆ ಗುಂಡಿಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಆದರೂ ಗುಂಡಿಗೆ ಇಳಿದವರು, ಅವರನ್ನು ಉಳಿಸಲು ಹಿಂದೆಯೇ ಇಳಿದವರು ಸಾಯುವ ಸುದ್ದಿ ನಿಂತಿಲ್ಲ. ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ತೀರ್ಥಹಳ್ಳಿಯ ಮನೆಯ ಗುಂಡಿ ಖಾಲಿ ಮಾಡಿಸುವ ಸಂದರ್ಭ ಬಂದರೂ ದಯವಿಟ್ಟು ಹೀರುವ ಯಂತ್ರದ ಗಾಡಿಯನ್ನೇ ಕರೆಸಿ, ಒಬ್ಬರನ್ನೂ ಒಳಗೆ ಇಳಿಸಬೇಡಿ. ಮಿನೆಸೋಟಾದ ಮನೆಯಲ್ಲಿ ಮುಚ್ಚಳದ ಸ್ಕ್ರೂಗಳು ಬಿಗಿಯಾಗಿವೆಯಾ ಅಂತ ಈ ವಾರವೇ ನೋಡಿ. ಮಕ್ಕಳು ಓಡಾಡುವ ಜಾಗ.

ನಿಮ್ಮ ಲೆಕ್ಕಕ್ಕೆ ಈ ವರ್ಷದ ಕ್ರಮ ಹೀಗಿರಲಿ: ಹುಲ್ಲು ಕತ್ತರಿಸುವುದು ಇಂದಿನಿಂದ ಬಂದ್. ಸೆಪ್ಟೆಂಬರಿನಲ್ಲಿ ಕ್ಯಾಮೆರಾ ಪರೀಕ್ಷೆ, ಅದೇ ದಿನ ಟ್ಯಾಂಕಿನ ಕೆಲಸ. ಫರ್ನೇಸ್ ನೋಡಲು ಜನ ಬಂದಾಗ ಆ ಸಣ್ಣ ಕೊಳವೆ ತೋರಿಸಿ ಕೇಳಿ. ಒಣಹುಲ್ಲು ದೀಪಾವಳಿ ಹೊತ್ತಿಗೆ ಮನೆಗೆ ಬಂದಿರಲಿ. ಕ್ಯಾಮೆರಾದಲ್ಲಿ ಪೈಪಿನ ತಗ್ಗು ಕಂಡರೆ ಎಷ್ಟು ಉದ್ದ, ಎಷ್ಟು ಆಳದಲ್ಲಿ ಅಂತ ನನಗೆ ಬರೆಯಿರಿ. ಅಗೆಯಬೇಕಾ, ಕೇಬಲ್ ಸಾಕಾ ಅನ್ನುವುದು ಅದರ ಮೇಲೆ ನಿಲ್ಲುತ್ತದೆ.